ಗಿರಣಿಯ ಕೀಲಿ

ಫಕೀರಸಾಬ ಅಳತೆಪಟ್ಟಿ ಹಿಡಿದು ಬಂದ ದಿನವೇ ಅವನ ಅಕ್ಕ ಹಜೀರಾ ವಕೀಲರ ಬಳಿ ಹೋದಳು.

"ಬಣ್ಣ ಹೊಡಸಾಕೆ ಅಳತೆ ತಗೋತೀನಿ, ಆಪಾ," ಎಂದಿದ್ದ. ಬಣ್ಣಕ್ಕೆ ಗೋಡೆ ಅಳೆಯುತ್ತಾರೆ; ಇವನು ನಿವೇಶನದ ಮೂಲೆಯಿಂದ ಮೂಲೆಗೆ ಪಟ್ಟಿ ಎಳೆಯುತ್ತಿದ್ದ. ಚನ್ನಗಿರಿಯ ಆ ಮನೆ, ಅದರ ಮುಂದಿನ ಹಿಟ್ಟಿನ ಗಿರಣಿ, ಎರಡೂ ಹಜೀರಾಳ ಸ್ವಂತ ದುಡಿಮೆ. ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ.

ಅಪ್ಪ ಸತ್ತಾಗ ಇದೇ ಫಕೀರಸಾಬ ನಲ್ಲೂರಿನ ಅಂಗಡಿಯಲ್ಲಿ ಅವಳ ಪಾಲನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದ. "ತವರು ಬೇಕಾ, ಪಾಲು ಬೇಕಾ?" ಎಂದು ಕೇಳಿದ್ದ. ತವರು ಎಂದಿದ್ದಳು. ಗಂಡ ಹೋದ ಮೇಲೆ ನಾಲ್ಕು ದಿನ ಇರಲು ಅಲ್ಲಿಗೆ ಹೋದರೆ, ಜಾಗವಿಲ್ಲವೆಂದು ಬಾಗಿಲಿನಿಂದಲೇ ಬಸ್ ನಿಲ್ದಾಣದ ದಾರಿ ತೋರಿಸಿದ್ದ.

"ಎಲ್ಲಾನೂ ಮದೀಹಾಗೆ ಅಂತ ವಿಲ್ ಬರೀರಿ," ಎಂದಳು ವಕೀಲ ಪ್ರಸನ್ನಕುಮಾರರಿಗೆ.

"ಯಾರವರು?"

"ನನ್ನ ತಮ್ಮನ ಮಗ ಬಿಟ್ಟ ಹೆಂಡ್ತಿ. ಹೊಲಿಗೆ ಮಷೀನೂ ಕೊಡದೆ ಹೊರಗೆ ಹಾಕಿದ್ರು."

ವಕೀಲರು ಪೆನ್ನು ಕೆಳಗಿಟ್ಟರು. "ಹಟ ಗಟ್ಟಿ ಐತೆ. ಆದ್ರೆ ನಿಮ್ಮ ಕಾಯ್ದೇಲಿ ವಿಲ್ ನಡೆಯೋದು ಮೂರರಲ್ಲಿ ಒಂದು ಪಾಲಿಗೆ ಮಾತ್ರ. ಉಳಿದದ್ದು ನಿಮ್ಮ ತಮ್ಮಂಗೇ ಹೋಗುತ್ತೆ; ಹೋಗಬಾರದು ಅಂದ್ರೆ ಅವರಾಗೇ ಒಪ್ಪಿ ಬಿಡಬೇಕು."

"ಅವನಾ?" ಹಜೀರಾ ನಕ್ಕಳು. "ಬೇರೆ ದಾರಿ ಹೇಳ್ರಿ."

"ಹಿಬಾ ಮಾಡ್ರಿ. ಬದುಕಿರುವಾಗಲೇ ದಾನ. ಬಾಯಲ್ಲಿ ಕೊಟ್ಟೆ ಅಂದ್ರೆ ಸಾಲದು. ಮನೆ ಖಾಲಿ ಮಾಡಿ, ಕೀಲಿ ಕೊಟ್ಟು ನೀವು ಹೊರಗೆ ಬರಬೇಕು. ಆಮೇಲೆ ನಂದು ಅನ್ನಂಗಿಲ್ಲ."

ಒಂದು ವಾರ ಯೋಚಿಸಿದಳು. ಈ ವಯಸ್ಸಿನಲ್ಲಿ ಬಾಡಿಗೆ ಕೋಣೆ. ಆದರೆ ವಿಲ್ ಬರೆದರೆ, ಅವನ ಮುಖ ಇಳಿಯುವ ಹೊತ್ತಿಗೆ ತಾನು ಮಣ್ಣಿನಲ್ಲಿರುತ್ತಾಳೆ. ಹಿಬಾ ಮಾಡಿದರೆ ಕಣ್ಣಾರೆ ನೋಡಬಹುದು.

ನೋಂದಣಿ ಮುಗಿದ ದಿನವೇ ಪಕ್ಕದ ಬೀದಿಯ ಕಸ್ತೂರಮ್ಮನ ಹಿತ್ತಿಲ ಬಾಡಿಗೆ ಕೋಣೆಗೆ ಹೊರಟಳು. ಒಂದು ಚಮಚವನ್ನೂ ಬಿಡಲಿಲ್ಲ. ನಾಳೆ ತಮ್ಮ ಕೋರ್ಟಿಗೆ ಹೋದರೂ ಅವಳು ಮನೆ ಬಿಟ್ಟಿರಲಿಲ್ಲ ಎಂದು ಯಾರೂ ಹೇಳಬಾರದು. ಮದೀಹಾ ಕೀಲಿ ತೆಗೆದುಕೊಳ್ಳುವಾಗ ಅತ್ತಳು. "ಅಳಬ್ಯಾಡ, ಗಿರಣಿ ಬೆಲ್ಟ್ ಸಡಿಲ ಐತೆ, ಬಿಗಿ ಮಾಡಿಸು," ಎಂದಳು ಹಜೀರಾ.

ಮುಂದಿನ ತಿಂಗಳು ಫಕೀರಸಾಬ ಗಿರಣಿಗೆ ಬಂದ. ಜೊತೆಗೆ ಮನೆ ಕೊಳ್ಳುವ ಆಸಾಮಿಯೊಬ್ಬನಿದ್ದ. ಅಕ್ಕ ಗಿರಾಕಿಗಳ ಬೆಂಚಿನ ಮೇಲೆ ರಾಗಿ ಡಬ್ಬಿ ಹಿಡಿದು ಕೂತಿದ್ದಳು. ಗಿರಣಿಯ ಬಳಿ ಮದೀಹಾ ನಿಂತಿದ್ದಳು.

"ಇವಳಿಗೇನು ಕೆಲಸ ಇಲ್ಲಿ?"

"ಮನೆ ಯಜಮಾನಿ. ಅವಳನ್ನೇ ಕೇಳು," ಎಂದಳು ಹಜೀರಾ.

"ಏನು ಬೀಸಬೇಕಿತ್ತು ಮಾವಾ?" ಎಂದಳು ಮದೀಹಾ. "ಡಬ್ಬಿ ಕಾಣಲ್ಲ."

ಜೊತೆಗಿದ್ದವನು ಮೆಲ್ಲಗೆ ರಸ್ತೆಗಿಳಿದ. ಫಕೀರಸಾಬ ಅಕ್ಕನ ಕಡೆ ತಿರುಗಿದ. "ಒಡಹುಟ್ಟಿದೋನು ನಾನು. ಒಂದು ಮಾತು ಕೇಳಬಾರದಿತ್ತಾ, ಆಪಾ?"

"ಆಪಾ ಬೇಕಾ, ಮನೆ ಬೇಕಾ ಅಂತ ಕೇಳೋಣ ಅಂದ್ಕೊಂಡೆ. ನಿನ್ನ ಉತ್ತರ ಗೊತ್ತಿತ್ತು. ಬಿಟ್ಟೆ."

ಸರದಿ ಬಂತು. ಹಜೀರಾ ಎದ್ದು ಡಬ್ಬಿ ಕೊಟ್ಟಳು, ಎಲ್ಲರಂತೆ ಬೀಸಿದ ಕೂಲಿಯನ್ನೂ ಕೊಟ್ಟಳು. ಹಿಟ್ಟು ಬೆಚ್ಚಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಬೆಂಚಿನ ಮೇಲೆ ಕೂತಳು; ಫಕೀರಸಾಬ ಬಸ್ ನಿಲ್ದಾಣದ ಕಡೆ ತಿರುಗುವವರೆಗೆ ಏಳಲಿಲ್ಲ.