ಪ್ರತಿ ಶನಿವಾರ, ಪ್ರವೇಶ ಉಚಿತ

"ಬಾಯಿ ಬಿಡ್ರೇ ಮುಂಡೇವಾ! ಜನ ನಿಂತಿರೋದು ನಿಮ್ಮ ಮುಸುಡಿ ನೋಡೋಕಲ್ಲ. ಹಾಡ್ರೇ!"

ಹೆಂಗಸರನ್ನು ಹೀಗೆ ಬೈದ ಶೆಡ್ಡಿನ ಧಣಿ, ಬಾಗಿಲ ಕಡೆ ತಿರುಗಿ ಹಲ್ಲು ಕಿರಿದ. ಬಾಗಿಲ ತುಂಬ ಕ್ಯಾಮೆರಾ ಹಿಡಿದ ಜನ. ಅವರ ಕಂಕುಳಲ್ಲಿ 'ಊರಲ್ಲಿ ಈ ವಾರ'. ಯಾವ ನಾಟಕ ಎಲ್ಲಿ, ಯಾರ ಹಾಡು ಎಷ್ಟು ಹೊತ್ತಿಗೆ ಎಂದು ತಿಳಿಸುವ, ನಾನು ಕೆಲಸ ಮಾಡುವ ಪತ್ರಿಕೆ. ಅದರ ಒಂದು ಮೂಲೆಯಲ್ಲಿ ಹೆಸರು ಹಾಕದೆ ನಾನೇ ಬರೆದಿದ್ದೆ: 'ಹಿಂಡುವ ಹಾಡು. ಹೋಟೆಲುಗಳ ಹಾಸುಬಟ್ಟೆ ಒಗೆಯುವ ಹೆಂಗಸರಿಂದ. ಪ್ರತಿ ಶನಿವಾರ ಬೆಳಿಗ್ಗೆ. ಪ್ರವೇಶ ಉಚಿತ.'

ಆ ಹಾಡು ನನ್ನ ಅಜ್ಜಿಯದು. ಒದ್ದೆ ಹಾಸುಬಟ್ಟೆಯ ಎರಡು ತುದಿಗಳನ್ನು ಇಬ್ಬರು ಹಿಡಿದು ತಿರುಚುವಾಗ ಇಬ್ಬರ ಉಸಿರೂ ಕೂಡಿ ಬೀಳಲೆಂದು ಕಟ್ಟಿದ್ದು. ಅದರೊಳಗೆ ಒಬ್ಬ ರಾಣಿ ಇದ್ದಳು. ಅವಳು ತಲೆಗೂದಲು ಹಿಂಡಿದರೆ ಬತ್ತಿದ ಕೆರೆ ತುಂಬುತ್ತಿತ್ತು. ಚಿಕ್ಕವಳಿದ್ದಾಗ ಸೋಪಿನ ಮೂಟೆಗಳ ಮೇಲೆ ಮಲಗಿ, ಶೆಡ್ಡಿನ ಹಬೆಯೊಳಗಿಂದ ಆ ರಾಣಿ ಈಗ ಬಂದಾಳು, ಆಗ ಬಂದಾಳು ಎಂದು ಕಾಯುತ್ತಿದ್ದೆ. ಅವಳು ಊರಿಗೆಲ್ಲ ಗೊತ್ತಾಗಲಿ ಎನಿಸಿತ್ತು. ಗೊತ್ತಾದಳು.

ಈಗ ಹಾಸುಬಟ್ಟೆಗೆ ಅಮ್ಮ ಒಂದು ತುದಿ, ಅವಳ ಅಕ್ಕ ದೊಡ್ಡಮ್ಮ ಒಂದು ತುದಿ. ಹಾಡು ಎದ್ದಿತು. ಫೋಟೋಗೆ ಜಾಗ ಸಾಲದೆ ಒಬ್ಬಾತ ಹಿಂದೆ ಹಿಂದೆ ಸರಿದ. ಒಗೆಯುವ ಸೋಡಾ ಹಾಕಿದ ಕುದಿನೀರಿನ ಬಕೆಟ್ ತರುತ್ತಿದ್ದವಳಿಗೆ ಅವನ ಬೆನ್ನು ತಾಗಿತು. ನೀರೆಲ್ಲ ದೊಡ್ಡಮ್ಮನ ಕಾಲ ಮೇಲೆ.

ದೊಡ್ಡಮ್ಮ ಕಿರುಚಿದಳು. ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಇದೂ ಹಾಡಲ್ಲೇ ಬರುತ್ತಾ?"

*

ಮನೆಯಲ್ಲಿ ನಾನೇ ಮುಲಾಮು ಹಚ್ಚಿದೆ. ಚರ್ಮ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು.

"ಯಾವ ಬೇವರ್ಸಿ ಬರೆದನೋ ಪೇಪರಲ್ಲಿ! ಅವನ ಕೈಗೆ ಹುಳ ಬೀಳ!" ಎಂದು ನರಳಿದಳು ದೊಡ್ಡಮ್ಮ. "ಮೆಲ್ಲಗೆ ಹಚ್ಚೇ ಮಗಳೇ. ಎಷ್ಟು ತಣ್ಣಗಿದೆಯೇ ನಿನ್ನ ಕೈ, ನಿಮ್ಮಜ್ಜಿ ಕೈ ಥರಾನೇ."

ಅಮ್ಮ ಒಲೆಯ ಮುಂದಿನಿಂದ ನನ್ನ ಕೈಯನ್ನೇ ನೋಡಿದಳು. ಅಚ್ಚಾದ ದಿನ ಅವಳಿಗೆ ಓದಿ ಹೇಳಿದ್ದೆ. 'ಬರೆದವಳು ಇವಳೇ' ಎಂದು ಅಕ್ಕನಿಗೆ ಅಂದುಬಿಟ್ಟಿದ್ದರೆ ಚೆನ್ನಾಗಿತ್ತು.

*

"ಆ ಹಾಡಿಂದು ತೆಗೆದುಹಾಕಿ ಸರ್," ಎಂದೆ ಸಂಪಾದಕರಿಗೆ.

"ತಲೆ ಕೆಟ್ಟಿದೆಯಾ? ಈ ಸಲ ಮೊದಲನೇ ಪುಟಕ್ಕೆ ಹಾಕ್ತಿದೀನಿ."

"ಅಲ್ಲಿ ಒಬ್ಬರ ಕಾಲು ಬೆಂದುಹೋಗಿದೆ ಸರ್."

"ಅಯ್ಯೋ ಪಾಪ. ನೋಡಮ್ಮ, ನಮ್ಮದು ಎಲ್ಲಿ, ಯಾವಾಗ, ಟಿಕೆಟ್ ಎಷ್ಟು, ಅಷ್ಟೇ. ಯಾರಿಗೆ ಏನಾಯ್ತು ಅನ್ನೋಕೆ ಇಲ್ಲಿ ಜಾಗ ಎಲ್ಲಿದೆ?" ಸ್ವಲ್ಪ ಯೋಚಿಸಿ ಹೇಳಿದರು, "ಬೇಕಾದ್ರೆ 'ಗಟ್ಟಿ ಬೂಟು ಹಾಕ್ಕೊಂಡು ಬನ್ನಿ' ಅಂತ ಒಂದು ಸಾಲು ಸೇರಿಸು."

ಬೆಂದದ್ದು ನನ್ನ ದೊಡ್ಡಮ್ಮನ ಕಾಲು ಎನ್ನಲು ನನಗೆ ಬಾಯಿ ಬರಲಿಲ್ಲ. 'ಒಬ್ಬರು' ಎಂದಿದ್ದೆ. ಬೂಟಿನ ಸಾಲನ್ನೂ ಸೇರಿಸಿದೆ.

*

ಮುಂದಿನ ಶನಿವಾರ ಜನ ಇಮ್ಮಡಿಯಾಗಿದ್ದರು. ಧಣಿ ದೊಡ್ಡಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ ಕರೆಸಿ, ಮಗುಚಿದ ತೊಟ್ಟಿಯ ಮೇಲೆ ಕೂರಿಸಿದ್ದ.

"ಸುಟ್ಟಿರೋದು ಕಾಲು ತಾನೇ, ಗಂಟಲಲ್ಲವಲ್ಲ! ಹಾಡು. ಇಲ್ಲಾಂದ್ರೆ ನೀನೂ ನಿನ್ನ ತಂಗಿನೂ ನಾಳೆಯಿಂದ ಈ ಕಡೆ ತಲೆ ಹಾಕಬೇಡಿ."

ಅಮ್ಮ ಜೋಡಿಯಿಲ್ಲದೆ ಹಾಸುಬಟ್ಟೆಯ ಒಂದು ತುದಿ ಹಿಡಿದು ನಿಂತಿದ್ದಳು. ನಾನು ಜನರ ನಡುವೆ ನುಗ್ಗಿ ಹೋಗಿ ಇನ್ನೊಂದು ತುದಿ ಹಿಡಿದೆ. ದೊಡ್ಡಮ್ಮ ಹಾಡಲು ಬಾಯಿ ತೆರೆದಳು.

"ದೊಡ್ಡಮ್ಮ, ಪೇಪರಲ್ಲಿ ಬರೆದವಳು ನಾನೇ."

ತೆರೆದ ಬಾಯಿ ಹಾಗೇ ಇತ್ತು. ಆಮೇಲೆ ಮುಚ್ಚಿತು. ನನ್ನನ್ನು ಅವಳು ನೋಡಲಿಲ್ಲ. ಬಾಗಿಲಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಹಾಡೇ ಲೌಡಿ!"

ದೊಡ್ಡಮ್ಮ ಕ್ಯಾಕರಿಸಿ ಉಗುಳಿದಳು. ಯಾರಿಗೆ ಉಗುಳಿದಳೋ ನನಗಿನ್ನೂ ತಿಳಿದಿಲ್ಲ. "ಗಂಟಲೂ ಸುಟ್ಟೋಗಿದೆ ಧಣಿ," ಎಂದಳು.

ಶೆಡ್ಡಿನಲ್ಲಿ ಯಾರ ಬಾಯಿಂದಲೂ ಹಾಡು ಏಳಲಿಲ್ಲ.

"ತಿರುಚು," ಎಂದಳು ಅಮ್ಮ. ಆ ವಾರವಿಡೀ ಅವಳು ನನ್ನೊಡನೆ ಆಡಿದ್ದು ಅದೊಂದೇ ಮಾತು.

ತಿರುಚಿದೆ. ಹಾಡಿಲ್ಲದೆ ನಮ್ಮಿಬ್ಬರ ಉಸಿರು ಕೂಡಲಿಲ್ಲ. ಬಟ್ಟೆ ಜಾರಿ ಜಾರಿ ಅಂಗೈ ಕಿತ್ತುಬಂತು. ಧಣಿಯ ಬೈಗುಳ ತಗಡಿನ ಮಾಡಿಗೆ ಬಡಿದು ಮತ್ತೆ ನಮ್ಮ ಮೇಲೇ ಬೀಳುತ್ತಿತ್ತು. ಬಾಗಿಲಲ್ಲಿ ಜನ ಎತ್ತಿದ ಕ್ಯಾಮೆರಾ ಇಳಿಸದೆ, ಇನ್ನೂ ಶುರುವಾಗಿಲ್ಲವೆಂದುಕೊಂಡು ಕಾಯುತ್ತಿದ್ದರು.