ಕೌದಿ ಅಂಗಿ

ಮಾಘ ಮಾಸ, ಬಿಳಿಜೋಳದ ಸುಗ್ಗಿ ಅರ್ಧಕ್ಕೆ ಬಂದಿತ್ತು. ಬುಧವಾರ, ಇನ್ನೂ ಹೊತ್ತು ಮೂಡಿರಲಿಲ್ಲ. ಗೋಡೆಗೆ ಆನಿಸಿ ಕೂಡ್ರಿಸಿದ್ದ ನಿಜಗುಣಪ್ಪನ ದೇಹ ಮತ್ತೆ ಬಲಕ್ಕೆ ವಾಲಿತು.

“ಹಿಡೀರಿ, ಹಿಡೀರಿ!” ಎನ್ನುತ್ತ ತಮ್ಮ ಬಸವಣ್ಣೆಪ್ಪ ಓಡಿಬಂದು ಹೆಗಲು ಕೊಟ್ಟ. ಎದೆಗೆ ಬಿಗಿದು ಗೋಡೆಯ ಗೂಟಕ್ಕೆ ಕಟ್ಟಿದ್ದ ಧೋತರದ ಪಟ್ಟಿ ಜಾರಿ ಕುತ್ತಿಗೆಗೆ ಬಂದಿತ್ತು. ನೋಡಿದವರಿಗೆ ಉರುಲು ಹಾಕಿದಂತೆ ಕಾಣುತ್ತಿತ್ತು. ಸಿದ್ದಲಿಂಗವ್ವ ಹೋಗಿ ಗಂಡನ ಕುತ್ತಿಗೆಯಿಂದ ಅದನ್ನು ಬಿಡಿಸಿದಳು.

ಸತ್ತವರನ್ನು ಕೂಡ್ರಿಸುವುದು ಅವರ ಮಂದಿಯ ಪದ್ಧತಿ. ಕೂತೇ ವಿಭೂತಿ ಧರಿಸಬೇಕು, ಕೂತೇ ಭಜನೆ ಕೇಳಬೇಕು, ಕೂತೇ ಮಣ್ಣಿಗೆ ಇಳಿಯಬೇಕು. ಮೈ ಸೆಟೆಯುವ ಮೊದಲೇ ಇದಿಷ್ಟು ಆಗಬೇಕು. ಆದರೆ ನಿಜಗುಣಪ್ಪನ ಬೆನ್ನು ಒಂಬತ್ತು ವರ್ಷದ ಹಿಂದೆಯೇ ಮುರಿದಿತ್ತು. ಬದುಕಿದ್ದಾಗ ಕೂಡಲಾರದವನು ಸತ್ತ ಮೇಲೆ ಕೂತಾನೆಯೇ?

“ವೈನಿ, ನನ್ನ ಮಾತ ಕೇಳ್ರಿ,” ಎಂದ ಬಸವಣ್ಣೆಪ್ಪ. “ಸಿದಗಿ ಕಟ್ಟಿ ಮಲಗಿಸಿ ಒಯ್ಯೂನು. ಶಿವಾ ಏನ ಬ್ಯಾಡ ಅಂತಾನ?”

“ಶಿವಾ ಅನ್ನಾಂಗಿಲ್ಲಪಾ. ಅವ್ರ ಅಂತಾರ.” ಸಿದ್ದಲಿಂಗವ್ವ ಗಂಡನ ಮುಖ ನೋಡಿದಳು. “ಕುದುರಿ ಮ್ಯಾಲ ನೆಟ್ಟಗ ಕುಂತ ಊರೂರು ತಿರಿಗಿದವ್ರು. ‘ಮಣ್ಣಿಗೆ ಹೋಗೂ ದಿನಾರ ನನ್ನ ನೆಟ್ಟಗ ಕುಂಡ್ರಸ’ ಅಂದಿದ್ರು. ಹೂಂ ಅಂದೇನಿ ನಾ.”

“ಹೂಂ ಅಂದ್ರ ಆತೇನವಾ?” ಪಕ್ಕದ ಮನೆಯ ಮುದುಕಿ ಕೆಂಚವ್ವ ಸತ್ತವನ ಮೊಳಕೈ ಮಡಚಿ ನೋಡಿ ತಲೆಯಾಡಿಸಿದಳು. “ಮೈ ಆರಾಕ ಹತ್ತೈತಿ. ಇನ್ನೊಂದೀಟ ಹೊತ್ತಿಗೆ ಕಟಗಿ ಆಕ್ಕೈತಿ. ಆಮ್ಯಾಲ ನೀನೂ ಇಲ್ಲ, ನಿನ್ನ ಹೂಂನೂ ಇಲ್ಲ.” ಆಮೇಲೆ ದನಿ ಇಳಿಸಿದಳು. “ಆ ಕೌದಿ ಅಂಗಿ ಇದ್ದಿದ್ರ ಕುಂಡ್ರತಿದ್ದ ನೋಡ.”

ಕೌದಿ ಅಂಗಿ ಎಲ್ಲಿದೆಯೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದು ಊರಿನ ಆ ತುದಿಗೆ, ಬೈಲಹೊಂಗಲದ ದಾರಿಯ ಮೇಲೆ, ನಿಜಗುಣಪ್ಪನ ಅಕ್ಕನ ಮಗ ಕಲ್ಮೇಶನ ಮನೆಯಲ್ಲಿತ್ತು. ಆ ಕಲ್ಮೇಶನಿಗೆ ಈ ಮನೆಯ ಹೊಸ್ತಿಲು ತುಳಿಯಬೇಡವೆಂದು ಹೇಳಿದವಳು ಸಿದ್ದಲಿಂಗವ್ವನೇ.

* * *

ನಿಜಗುಣಪ್ಪನಿಗೆ ಮುರಗೋಡದ ಹೊರವಲಯದಲ್ಲಿ ತುಂಡು ಹೊಲ, ಎರಡು ಕುದುರೆ; ಅದರಲ್ಲಿ ಮೆಚ್ಚಿನದು ಚಂದ್ರಿ. ಲಗ್ನದ ಹಂಗಾಮಿನಲ್ಲಿ ಮದುಮಗನನ್ನು ಹಣಮಪ್ಪನ ಗುಡಿಗೆ ಕರೆದೊಯ್ಯಲು ಅವನ ಕುದುರೆಯೇ ಬೇಕಿತ್ತು. ಲಗ್ನವಿಲ್ಲದಾಗ ಕುದುರೆ ಓಟದ ಶರ್ಯತ್ತು. ತಾಯಿಯಿಲ್ಲದ ಅಳಿಯ ಕಲ್ಮೇಶನನ್ನು ತಾನೇ ಸಾಕಿ, ಅವನನ್ನೂ ಕುದುರೆ ಹತ್ತಿಸಿದ್ದ.

ತೊಂಬತ್ತೊಂದನೆಯ ಇಸವಿಯಲ್ಲಿ ರಾಮದುರ್ಗದ ಕಡೆ ಶರ್ಯತ್ತಿಗೆ ಹೋದವನು ಪಕ್ಕೆಲುಬು ಮುರಿದುಕೊಂಡು ಬಂದ. ಸಿದ್ದಲಿಂಗವ್ವ ಅಳಲಿಲ್ಲ, ಬೈಯಲಿಲ್ಲ. ಆಕೆ ಸುತ್ತಲಿನ ಊರಿಗೆಲ್ಲ ಕೌದಿ ಹೊಲಿದು ಕೊಡುವವಳು. ಕೌದಿಯ ಮೇಲೆ ಬಿದ್ದ ಕೂಸಿಗೆ ಪೆಟ್ಟಾಗುವುದಿಲ್ಲ ಎನ್ನುವುದು ಯಾವ ತಾಯಿಗೆ ಗೊತ್ತಿಲ್ಲ? ನೆಲಕ್ಕೆಲ್ಲ ಕೌದಿ ಹಾಸಲಾಗುವುದಿಲ್ಲ, ಬೀಳುವವನಿಗೆ ಉಡಿಸಬಹುದಲ್ಲ ಎಂದುಕೊಂಡಳು.

ಹಳೆಯ ಇಳಕಲ್ಲ ಸೀರೆ, ಸವೆದ ಧೋತರ, ನಡುವೆ ಹಿಂಜಿದ ಹತ್ತಿ. ಪದರಿನ ಮೇಲೆ ಪದರಿಟ್ಟು ಒತ್ತೊತ್ತಾಗಿ ಹೊಲಿಗೆ ಹಾಕಿದಳು. ಮುರಿದ ಮೊರದ ಬಿದಿರನ್ನು ಸೀಳಿ, ನಯ ಮಾಡಿ, ಬೆನ್ನಿನುದ್ದಕ್ಕೂ ಸೇರಿಸಿದಳು. ತೋಳಿಲ್ಲದ ಅಂಗಿ, ಬೆನ್ನಿಗೆ ಲಾಡಿ. ಕೌದಿಯ ಕಡೆಯ ತೇಪೆ ಮುಚ್ಚುವಾಗ ಅದರೊಳಗೆ ಚೂರು ರೊಟ್ಟಿ ಇಡುತ್ತಾರೆ. ಇದಕ್ಕೂ ಇಟ್ಟಳು.

“ಇದಕ್ಯಾಕ ರೊಟ್ಟಿ?” ಎಂದು ನಕ್ಕ ನಿಜಗುಣಪ್ಪ.

“ಕೌದಿ ಹೊಟ್ಟಿ ಖಾಲಿ ಇರಬಾರದ್ರಿ. ಹಸದದ್ದು ಯಾರ ಮೈ ಕಾಯತೈತಿ?”

ಮೊದಲ ಸಲ ಅದನ್ನು ಹಾಕಿಕೊಂಡು ಹೋದ ದಿನ ಶರ್ಯತ್ತಿನ ಬಯಲೆಲ್ಲ ನಗೆಯೇ ನಗೆ. “ಏನೋ ನಿಜಗುಣಿ, ಹಾಸಗಿ ಉಟ್ಟಕೊಂಡ ಬಂದಿ? ಬಿದ್ದಲ್ಲೇ ಮಲಗಾಂವೇನ?”

“ನಮ್ಮಾಕಿ ಹೊಲದಾಳೋ. ಹಾಕ್ಕೊಳ್ಳಲಿಲ್ಲಂದ್ರ ಕುದುರಿಕಿಂತ ಜೋರ ಒದೀತಾಳ.”

ಲಾಡಿ ಕಟ್ಟುತ್ತಿದ್ದವನು ಕಲ್ಮೇಶ. ಮಾವನ ನಡುವಿಗೆ ಮೊಣಕಾಲು ಒತ್ತಿ, ಎರಡೂ ಲಾಡಿ ಜಗ್ಗಿ, “ಬಿಗಿ ಆತೇನ ಮಾಂವಾ?” ಎಂದು ಕೇಳುತ್ತಿದ್ದ. ಆಮೇಲೊಮ್ಮೆ ಬಿದ್ದವನ ಬೆನ್ನಿಗೆ ಹಿಂದಿನ ಕುದುರೆಯ ಗೊರಸು ಬಡಿಯಿತು. ಒಳಗಿನ ಬಿದಿರು ಮುರಿಯಿತು, ಬೆನ್ನು ಮುರಿಯಲಿಲ್ಲ. ಸಿದ್ದಲಿಂಗವ್ವ ಹೊಸ ಬಿದಿರು ಸೇರಿಸಿ ಹೊಲಿದಳು. ನಕ್ಕವರಲ್ಲೇ ಒಬ್ಬ ಮರುದಿನ ಸಿದ್ದಲಿಂಗವ್ವನ ಬಾಗಿಲಿಗೆ ಬಂದು, “ಯಕ್ಕಾ, ನನಗೂ ಒಂದ ಹಾಸಗಿ ಹೊಲದ ಕೊಡ,” ಎಂದ.

* * *

“ಹೇಳಿ ಕಳಸ್ರಿ,” ಎಂದಳು ಸಿದ್ದಲಿಂಗವ್ವ.

ಬಸವಣ್ಣೆಪ್ಪ ಸೈಕಲ್ಲು ತೆಗೆದವನು ನಿಂತ. “ಅಂಗಿ ಅಷ್ಟ ತರಲ್ಯಾ ವೈನಿ? ಇಲ್ಲಾ ಅಂವನ್ನೂ...”

“ಅಂಗಿ.”

ಸೈಕಲ್ಲು ಹೋಯಿತು. ದೇಹ ಮತ್ತೆ ಜಾರದಂತೆ ಸಿದ್ದಲಿಂಗವ್ವ ತಾನೇ ಪಕ್ಕಕ್ಕೆ ಕೂತು ಗಂಡನ ತಲೆಯನ್ನು ಹೆಗಲಿಗೆ ಆನಿಸಿಕೊಂಡಳು. ಕೆಂಚವ್ವ ಇನ್ನೊಂದು ಬದಿಗೆ. ಹೊರಗೆ ಅಂಗಳದಲ್ಲಿ ಭಜನೆಯವರು ತಾಳ ಹಿಡಿದು ಕಾಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗೊರಸಿನ ಸಪ್ಪಳ ಕೇಳಿತು. ಓಣಿಯ ಬೇವಿನ ಮರದ ಕೆಳಗೆ ಬಂದು ನಿಂತಿತು.

ಆ ಸಪ್ಪಳ ಆಕೆಗೆ ಹೊಸದಲ್ಲ. ಗಂಡ ಹಾಸಿಗೆ ಹಿಡಿದ ಮೇಲೆ ಕುದುರೆಗಳು ಕಲ್ಮೇಶನ ಹತ್ತಿರವೇ ಇದ್ದವು; ಇಷ್ಟು ವರ್ಷ ಆಗಾಗ ಕೇಳಿದ್ದಳು. ಬೇವಿನ ಮರದ ತನಕ ಬರುವುದು, ನಿಲ್ಲುವುದು, ಹೋಗುವುದು. ಹಾಸಿಗೆಯಲ್ಲಿದ್ದ ನಿಜಗುಣಪ್ಪನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. “ಚಂದ್ರಿ ಹೆಜ್ಜಿ ಅದು,” ಎನ್ನುತ್ತಿದ್ದ. ಹೋದ ವಾರವೂ ಅಂದ. ಆಮೇಲೆ, “ಒಳಗ ಕರಿಯ, ಸಿದ್ಲಿಂಗಿ. ಒಮ್ಮಿ ನೋಡತೇನಿ,” ಎಂದ. ಆಕೆ ಸೂಜಿಗೆ ದಾರ ಪೋಣಿಸುತ್ತ ಕೂತಳು. ಗೊರಸಿನ ಸಪ್ಪಳ ದೂರಾಯಿತು. ನಿಜಗುಣಪ್ಪ ಗೋಡೆಯ ಕಡೆ ಮುಖ ಮಾಡಿದ. ಮತ್ತೆ ಕೇಳಲಿಲ್ಲ.

* * *

ಒಂಬತ್ತು ವರ್ಷದ ಹಿಂದೆ, ಮುರಗೋಡಕ್ಕೆ ಹತ್ತಿರದ ಹಳ್ಳಿಯೊಂದರಲ್ಲಿ ಚೆನ್ನಮ್ಮ ರಾಣಿಯ ಮೂರ್ತಿ ಕೂಡ್ರಿಸುವ ಮೆರವಣಿಗೆ. ಹುಡುಗರು ಬೈಲಹೊಂಗಲದಿಂದ ನಾಟಕದ ಸಾಮಾನು ಬಾಡಿಗೆಗೆ ತಂದಿದ್ದರು. ನಿಜಗುಣಪ್ಪ ಸರದಾರ. ಮುಂದೆ ಚಂದ್ರಿಯ ಮೇಲೆ ಅವನು, ಹಿಂದಿನ ಕುದುರೆಯ ಮೇಲೆ ಬರೀ ರುಮಾಲು ಸುತ್ತಿದ ಸಿಪಾಯಿ ಕಲ್ಮೇಶ.

ಸರದಾರನಿಗೆ ಎದೆಗವಚವಿತ್ತು. ರಟ್ಟಿನದು, ಮೇಲೆ ಬೆಳ್ಳಿ ಕಾಗದ ಹಚ್ಚಿದ್ದು. ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು. ಕೌದಿ ಅಂಗಿಯ ಮೇಲೆ ಅದನ್ನು ತೊಡಿಸಿದರೆ ಕೊಂಡಿ ಕೂಡಲೊಲ್ಲದು. ಹೊಟ್ಟೆ ಒಳಗೆಳೆದುಕೊಂಡರೂ ಕೂಡಲಿಲ್ಲ.

“ಸರದಾರ ಬಸರಾಗ್ಯಾನೋ!” ಎಂದು ಯಾರೋ ಕೂಗಿದರು. ಜನ ಹೋ ಎಂದು ನಕ್ಕರು.

ಶರ್ಯತ್ತಿನ ಬಯಲಿನಲ್ಲಿ ಆ ನಗೆಯನ್ನು ನಕ್ಕೇ ಗೆದ್ದವನು ಅಂದು ಯಾಕೋ ಕೆಂಪಾದ. ಹೆಂಗಸರ ಗುಂಪಿನಲ್ಲಿ ನಿಂತು ನೋಡುತ್ತಿದ್ದ ಸಿದ್ದಲಿಂಗವ್ವ ಬೇಡ ಬೇಡವೆಂದು ಕೈಯಾಡಿಸಿದಳು. ಅವನು ಕೌದಿ ಅಂಗಿ ಬಿಚ್ಚಿ ಅಳಿಯನ ಕಡೆ ಎಸೆದ. “ಸುಮ್ಮ ಮೆರವಣಗಿ, ಶರ್ಯತ್ತಲ್ಲ. ಕಲ್ಮ್ಯಾ, ನೀ ಹಾಕ್ಕೋ. ಎಲ್ಲೆರ ಇಟ್ರ ಯಾರರ ಒಯ್ದಾರು. ಅದ ಹೋತಂದ್ರ ನಿಮ್ಮತ್ತಿ ನನಗ ಕೂಳ ಹಾಕಾಂಗಿಲ್ಲ.” ಕೊಂಡಿ ಕೂಡಿತು. ಹೆಂಡತಿಯ ಕಡೆ ತಿರುಗಿ, ರಟ್ಟಿನ ಎದೆಯ ಮೇಲೆ ಮುಷ್ಟಿಯಿಂದ ಡಬ್ ಡಬ್ ಎಂದು ಬಡಿದುಕೊಂಡು ನಕ್ಕ.

ಓಣಿ ತಿರುಗುವಲ್ಲಿ ಪಟಾಕಿಯ ಸರ ಹಚ್ಚಿದರು. ಚಂದ್ರಿ ಮುಂಗಾಲೆತ್ತಿ ಹಿಂದಕ್ಕೆ ಸರಿದು ಹಿಂದಿನ ಕುದುರೆಗೆ ಬಡಿಯಿತು. ಮಾವ ಅಳಿಯ ಇಬ್ಬರೂ ಕಟ್ಟೆಯ ಕಲ್ಲಿನ ಮೇಲೆ ಬಿದ್ದರು.

ಕಲ್ಮೇಶ ಮೈ ಝಾಡಿಸಿಕೊಂಡು ಎದ್ದ. ನಿಜಗುಣಪ್ಪ ಏಳಲಿಲ್ಲ. ಬೆಳ್ಳಿ ಬಣ್ಣದ ರಟ್ಟು ಹಪ್ಪಳದಂತೆ ಮುರಿದು ಅವನ ಕೆಳಗಿತ್ತು.

ಓಡಿಬಂದ ಸಿದ್ದಲಿಂಗವ್ವನ ಕಣ್ಣಿಗೆ ಮೊದಲು ಬಿದ್ದದ್ದು ತಾನು ಹೊಲಿದ ಅಂಗಿ. ಅದರೊಳಗೆ ಕಲ್ಮೇಶ ನೆಟ್ಟಗೆ ನಿಂತಿದ್ದ.

“ನೀ ಎದ್ದಿ?” ಎಂದಳು.

ಅಷ್ಟೇ ಅಂದದ್ದು. ಹೊಸ್ತಿಲಿನ ಮಾತು ಆಮೇಲೆ, ಮನೆಯಲ್ಲಿ ಬಂತು. ಅಂಗಿ ಬಿಚ್ಚಿದವನು ಯಾರು, ಕೊಟ್ಟವನು ಯಾರು ಎಂಬುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಆದರೆ ಬಿದ್ದವನ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ. ಅವನಿಗೆ ಗಂಜಿ ಕುಡಿಸಬೇಕು, ಮಗ್ಗುಲು ಹೊರಳಿಸಬೇಕು. ಸಿಟ್ಟು ಎದ್ದು ನಿಂತವನ ಮೇಲೆ ಹೋಯಿತು. ಹೋದದ್ದು ತಿರುಗಿ ಬರಲಿಲ್ಲ.

* * *

“ಅಂಗಿ ತಂದೇನಿ, ಅತ್ತಿ.”

ಕಲ್ಮೇಶ ಹೊಸ್ತಿಲಿನ ಆಚೆಯೇ ನಿಂತಿದ್ದ. ಹಿಂದೆಯೇ ಸೈಕಲ್ಲಿನಲ್ಲಿ ಬಂದ ಬಸವಣ್ಣೆಪ್ಪ ಅಂಗಿ ಇಸಿದುಕೊಂಡು ಒಳಗೆ ತಂದ. ಬಗಲಿಗೆ ಕೈ ಹಾಕಿ ಅಣ್ಣನನ್ನು ಎತ್ತಿ ತೊಡಿಸಿದರು. ಲಾಡಿ ಜಗ್ಗಿದರೆ ಒಂದು ಬದಿ ಬಿಗಿಯಾಯಿತು, ಇನ್ನೊಂದು ಸಡಿಲವಾಯಿತು. ದೇಹ ಸೊಟ್ಟಗೇ ಕೂತಿತು. ಸಿದ್ದಲಿಂಗವ್ವನೂ ಜಗ್ಗಿದಳು. ಗಂಟು ಬೀಳಲಿಲ್ಲ.

“ಹೊಲದಾಕಿ ನೀನ ಆದ್ರೂ ಕಟ್ಟತಿದ್ದಾಂವ ಅಂವ ಅಲ್ಲೇನ?” ಎಂದಳು ಕೆಂಚವ್ವ. “ಅದರ ಬಿಗಿ ಅಂವಗ ಗೊತ್ತ. ಹೊತ್ತ ಮೀರಾಕ ಹತ್ತೈತಿ ತಂಗಿ. ನಿನ್ನ ಹಟಾ ದೊಡ್ಡದೋ, ಕೊಟ್ಟ ಮಾತ ದೊಡ್ಡದೋ?”

ಗಂಡನ ತಲೆ ಎದೆಯ ಮೇಲೆ ಬಿದ್ದಿತ್ತು. ಸಿದ್ದಲಿಂಗವ್ವ ಅದನ್ನು ನೋಡಿದಳು. ಎದ್ದು ಬಾಗಿಲಿಗೆ ಬಂದಳು. ಕಲ್ಮೇಶನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು?

“ಕಲ್ಮ್ಯಾ, ಒಳಗ ಬಾ,” ಎಂದಳು. “ನಿಮ್ಮಾಂವ ಕುಂಡ್ರವಲ್ಲ.”

ಅವನು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದ. ಹಿಂದೆ ಕೂತು, ಮಾವನ ನಡುವಿಗೆ ಮೊಣಕಾಲು ಕೊಟ್ಟು, ಲಾಡಿ ಎರಡೂ ಕೂಡಿಸಿ ಜಗ್ಗಿದ. ಬೆನ್ನಿನ ಬಿದಿರು ಕಿರ್ರೆಂದಿತು. ನಿಜಗುಣಪ್ಪನ ಎದೆ ಮೇಲೆದ್ದಿತು.

“ಬಿಗಿ ಆತೇನ ಮಾಂವಾ?”

ರೂಢಿಯ ಮಾತು, ಬಾಯಿಗೆ ಬಂದುಬಿಟ್ಟಿತ್ತು. ಉತ್ತರಕ್ಕೆ ಕಾದವನಂತೆ ಒಂದು ಗಳಿಗೆ ಕೂತ. ಆಮೇಲೆ ಹಣೆಯನ್ನು ಆ ಬೆನ್ನಿಗೆ ಹಚ್ಚಿ ಅಳತೊಡಗಿದ. ನಿಜಗುಣಪ್ಪ ನೆಟ್ಟಗೆ ಕೂತಿದ್ದ.

ಹೊರಗೆ ತಾಳ ಶುರುವಾಯಿತು. ಸಿದ್ದಲಿಂಗವ್ವ ವಿಭೂತಿ ಕಲಸುತ್ತ ಅಂಗಿಯ ಅಂಚು ಮುಟ್ಟಿ ನೋಡಿದಳು. ಗಂಡ ತೊಟ್ಟಾಗಿನದಕ್ಕಿಂತ ಹೆಚ್ಚು ಎಲ್ಲೂ ಸವೆದಿರಲಿಲ್ಲ, ಹೊಸ ಬೆವರಿನ ಕಲೆಯಿರಲಿಲ್ಲ.

“ನೀ ಇದನ್ನ ಹಾಕ್ಕೊಂಡೇ ಇಲ್ಲೇನ?”

“ಯಾ ಮುಖಾ ಇಟ್ಕೊಂಡ ಹಾಕ್ಕೊಳ್ಳಲಿ ಅತ್ತಿ?”

“ಹಂಗಾರ ಬರೇ ಮೈಲೇ ಕುದುರಿ ಹತ್ತತಿ?”

ಕಲ್ಮೇಶ ಲಾಡಿಯ ಗಂಟು ಸರಿಮಾಡಿದ. “ಮಾಂವ ನನ್ನ ನೆನಸತಿದ್ರೇನ?” ಎಂದ.

ಸುಳ್ಳು ಹೇಳಬಹುದಿತ್ತು. “ಹೋದ ವಾರ ಕರೀ ಅಂದ್ರು,” ಎಂದಳು ಸಿದ್ದಲಿಂಗವ್ವ. “ನಾ ಕರೀಲಿಲ್ಲ.”

ವಿಭೂತಿ ಹಚ್ಚಿದ ಕೈಗಳಿಂದಲೇ ಇಬ್ಬರೂ ಹೆಣದ ಬೆನ್ನಿಗೆ ಆಸರೆ ಕೊಟ್ಟು ಹಿಡಿದರು.

* * *

ಇಳಿಹೊತ್ತಿಗೆ ಬಾಳೆದಿಂಡು ಕಟ್ಟಿದ ಕುರ್ಚಿಯಲ್ಲಿ ನಿಜಗುಣಪ್ಪನನ್ನು ಕೂಡ್ರಿಸಿ ಹೊಲಕ್ಕೆ ಹೊತ್ತರು. “ಕುದುರಿ ಮ್ಯಾಲ ಕುಂತಂಗ ಕುಂತಾನಲ್ಲೋ,” ಎಂದು ಓಣಿಯ ಮಂದಿ ಅಂದುಕೊಂಡರು. ಹಿಂದೆ ಕಲ್ಮೇಶ ಚಂದ್ರಿಯ ಹಗ್ಗ ಹಿಡಿದು ನಡೆದ. ಮುದಿ ಕುದುರೆ ತಲೆ ತಗ್ಗಿಸಿಕೊಂಡು ನಡೆಯಿತು.

ಕುಣಿಯ ಹತ್ತಿರ ಮಠದ ಅಯ್ಯನವರು ಅಂಗಿ ನೋಡಿದರು. “ಹೊಲಿಗಿ ಹಾಕಿದ ಅರಿವಿ ಒಳಗ ಬ್ಯಾಡವಾ. ಬಿಚ್ಚರಿ. ಇನ್ನ ಮಣ್ಣ ಹಿಡಿತೈತಿ ಅವನ್ನ.”

ಕಲ್ಮೇಶ ಲಾಡಿ ಬಿಚ್ಚಿದ. ಬಸವಣ್ಣೆಪ್ಪ ಹಿಡಿಯಲು ಕೈ ಚಾಚಿದ. ನಿಜಗುಣಪ್ಪ ವಾಲಲಿಲ್ಲ. ಮೈ ಆ ಬಿಗಿಯಲ್ಲೇ ಸೆಟೆದು ನಿಂತಿತ್ತು. ಹಾಗೆಯೇ ಕುಣಿಯ ಗೂಡಿನಲ್ಲಿ ಕೂಡ್ರಿಸಿದರು. ವಿಭೂತಿ, ಬಿಲ್ವಪತ್ರಿ, ಆಮೇಲೆ ಮಣ್ಣು. ಮಣ್ಣು ಮೊಣಕಾಲಿಗೆ, ಎದೆಗೆ, ಗದ್ದಕ್ಕೆ ಬಂತು. ಅಲ್ಲಿಗೆ ಸಿದ್ದಲಿಂಗವ್ವ ಮುಖ ತಿರುಗಿಸಿದಳು.

ಮಂದಿ ಕೈಕಾಲು ತೊಳೆದುಕೊಂಡು ಒಬ್ಬೊಬ್ಬರೇ ಹೋದರು. ಬದುವಿನ ಮೇಲೆ ಕೆಂಚವ್ವ, ಸಿದ್ದಲಿಂಗವ್ವ ಉಳಿದರು. ಕಲ್ಮೇಶ ಕುದುರೆ ಹಿಡಿದು ಬಂದ.

“ನಾಳೆ ಮುಂಜಾನೆ ಬೈಲಹೊಂಗಲದಾಗ ಲಗ್ನ ಐತಿ ಅತ್ತಿ. ಮಾತ ಕೊಟ್ಟ ಬಿಟ್ಟೇನಿ. ಇವತ್ತ ಹೋಗಿ ಅಲ್ಲೆ ಮುಟ್ಟಬೇಕ. ನೀ ಬ್ಯಾಡ ಅಂದ್ರ...”

“ತಡಿ.”

ತೊಡೆಯ ಮೇಲಿದ್ದ ಅಂಗಿಯನ್ನು ತಿರುವಿ ಕಡೆಯ ತೇಪೆ ಹುಡುಕಿದಳು. ಹೊಲಿಗೆಯನ್ನು ಹಲ್ಲಿನಿಂದ ಕಡಿದಳು. ಒಳಗೆ ಏನೂ ಇರಲಿಲ್ಲ. ರೊಟ್ಟಿಯ ಚೂರನ್ನು ಹುಳ ತಿಂದು ಚಿಟಿಕೆ ಧೂಳೂ ಉಳಿದಿರಲಿಲ್ಲ. ಕುಣಿ ತೋಡಿದವರಿಗೆಂದು ಕೆಂಚವ್ವ ತಂದ ಬುತ್ತಿಯಲ್ಲಿ ಅರ್ಧ ರೊಟ್ಟಿ ಮಿಕ್ಕಿತ್ತು. ಅದರಿಂದ ಚೂರು ಮುರಿದು ಒಳಗಿಟ್ಟಳು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಬೆಳಕು ಕಡಿಮೆಯಾಗುತ್ತಿದ್ದಂತೆ, ಕೈ ನೋಡದೆ ಹೊಲಿದಳು.

“ತಿರಗ.”

ಕಲ್ಮೇಶ ಬೆನ್ನು ಕೊಟ್ಟು ನಿಂತ. ಆಕೆ ಅಂಗಿ ತೊಡಿಸಿ ಲಾಡಿ ಜಗ್ಗಿದಳು. ಈ ಸಲ ಗಂಟು ಬಿತ್ತು.

“ಬಿಗಿ ಆತೇನ?”

“ಆತ ಅತ್ತಿ.”

ಅವನು ಕುದುರೆ ಹತ್ತಿದ. ನಿಜಗುಣಪ್ಪ ಹೋದದ್ದು ಆ ಬುಧವಾರ ಹೊತ್ತು ಮೂಡುವ ಮೊದಲು. ಕಲ್ಮೇಶ ಹೋದದ್ದು ಅದೇ ಬುಧವಾರ ಹೊತ್ತು ಮುಳುಗುವ ಮೊದಲು. ಕೊಯ್ದ ಜೋಳದ ಹೊಲಗಳ ನಡುವೆ ಬೈಲಹೊಂಗಲದ ದಾರಿಯಲ್ಲಿ ಅಂಗಿಯ ಬಣ್ಣ ಮಾಸಿತು, ಕುದುರೆ ಮಾಸಿತು. ಹೆಣವನ್ನು ಬೀಳದಂತೆ ಹಿಡಿದವರ ವಿಭೂತಿಯ ಬೆರಳ ಗುರುತುಗಳು ಮಾತ್ರ ಆ ಬೆನ್ನಿನ ಮೇಲೆ ಬೆಳ್ಳಗೆ, ಬಹಳ ದೂರದ ತನಕ ಕಾಣುತ್ತಿದ್ದವು.