ಬಾಣಂತಿಯ ಪಾಯಸ

ಕಾಂತಾಬಾಯಿ ಸಂತಪುರದಿಂದ ಬೀದರಿನ ಆಸ್ಪತ್ರೆಗೆ ಬರುವಾಗ ಡಬ್ಬಿ ತುಂಬ ಅಳವಿ ಪಾಯಸ ತಂದಿದ್ದಳು. ಬಾಣಂತಿಗೆ ಹಾಲು ಉಕ್ಕಬೇಕೆಂದರೆ ಅಳವಿ ಬೀಜದ ಪಾಯಸ ಬೇಕೇ ಬೇಕು. ಮೊದಲ ಬಾಣಂತನದಲ್ಲೂ ಸೊಸೆ ವಿಶಾಖಾಗೆ ಬಟ್ಟಲುಗಟ್ಟಲೆ ಕುಡಿಸಿದ್ದಳು. ಕುಡಿಸುವುದರಲ್ಲಿ ಅವಳದು ಎತ್ತಿದ ಕೈ. ಹಾಲೇನೋ ಉಕ್ಕಿತು. ಕೂಸು ಮಾತ್ರ ಹಳದಿಯಾಗಿ, ಹೊಟ್ಟೆ ಉಬ್ಬಿ, ಹದಿನೇಳನೆಯ ದಿನ ತೀರಿಕೊಂಡಿತು. ಕಾಮಾಲೆ ಅಂದರು, ದೃಷ್ಟಿ ಅಂದರು. ಊರವರಿಗೆ ಕಾರಣ ಹೇಳುವುದಕ್ಕೆ ಬರವೇ?

ಈಗ ಎರಡನೆಯದು, ಹೆಣ್ಣು, ಒಂಬತ್ತು ದಿನದ್ದು. ಅದೇ ಹಳದಿ. ಈ ಸಲ ವಿಶಾಖಾ ಯಾರ ಮಾತೂ ಕೇಳದೆ ಗಂಡ ಉತ್ತಮನನ್ನು ಕರೆದುಕೊಂಡು ಬೀದರಿಗೆ ಓಡಿಬಂದಿದ್ದಳು. ರಕ್ತದ ರಿಪೋರ್ಟು ಇಂದು ಬಂದಿತ್ತು.

"ಕೂಸಿಗಿ ಹಾಲು ಅರಗಲ್ರಿ," ಎಂದರು ಡಾಕ್ಟರ್ ರಾಹೀಲ. "ಎಮ್ಮಿ ಹಾಲೂ ಅಷ್ಟೇ, ನಿಮ್ಮ ಎದಿಹಾಲೂ ಅಷ್ಟೇ. ಹಾಲಿನ್ಯಾಗಿನ ಸಕ್ಕರಿನೇ ವಿಷ ಆಗಿ ಲಿವರ್ ತಿಂತದ. ಅವ್ವ, ಅಪ್ಪ ಇಬ್ಬರ ಕಡಿಂದ್ಲೂ ಒಂದೇ ದೋಷ ಕೂಡಿಬಂದ್ರ ಹಿಂಗ ಆಗ್ತದ. ಸಂಬಂಧದಾಗ ಲಗ್ನ ಆಗೀರೇನ್ರಿ?"

"ನನ್ನ ಖಾಸ ತಮ್ಮನ ಮಗಳ್ರಿ ಇಕಿ," ಎಂದಳು ಕಾಂತಾಬಾಯಿ, ಹೆಮ್ಮೆಯಿಂದಲೇ. "ತವರಿನ ಹೆಣ್ಣು ಹೊರಗ ಯಾಕ ಕೊಡಬೇಕಂತ ನಾನೇ ತಂದ್ಕೊಂಡೀನಿ."

ಡಾಕ್ಟರ್ ರಿಪೋರ್ಟಿನತ್ತ ನೋಡಿದರು. "ದೋಷ ಇದ್ರೂ ಹುಟ್ಟಿದಾಗಿಂದ ಹಾಲು ಕೊಡದಿದ್ರ ಕೂಸು ಉಳೀತದ್ರಿ. ಸೋಯಾ ಪುಡಿ ಬರ್ಕೊಟ್ಟೀನಿ. ಆದ್ರ ಲಿವರ್ ಈಗಾಗ್ಲೇ ಭಾಳ ಕೆಟ್ಟದ. ಏನೂ ಹೇಳ್ಲಕ್ಕ ಬರಲ್ರಿ."

"ಮೊದಲನೇದೂ ಹಿಂಗೇ ಹೋಯ್ತೇನ್ರಿ?" ವಿಶಾಖಾ ಕೇಳಿದಳು.

ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಹಿಂಗೇ ಇರಬೇಕ್ರಿ. ನಿಮಗ ಹ್ಯಾಂಗ ಗೊತ್ತಾಗಬೇಕು?"

ವಿಶಾಖಾಗೆ ಮೊದಲ ಕೂಸು ನೆನಪಾಯಿತು. ಆ ಕೂಸು ಬಾಯಿ ತಿರುಗಿಸಿಕೊಳ್ಳುತ್ತಿತ್ತು, ಕುಡಿದದ್ದನ್ನೆಲ್ಲ ಕಾರುತ್ತಿತ್ತು. ಒಂದು ಗುಟುಕು ಕುಡಿಯೋ ನನ್ನಪ್ಪಾ ಎಂದು ಗದ್ದ ಒತ್ತಿ, ಹಿಂಡಿ ಹಿಂಡಿ ಹಾಕಿದವಳು ಅತ್ತೆಯಲ್ಲ, ತಾನೇ.

"ತಾಯಿ ಹಾಲಿಗಿ ಕೂಸು ಸಾಯ್ತಾವೇನ?" ಕಾಂತಾಬಾಯಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೇಳಿದಳು. ಉತ್ತಮ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದ.

ಮಗು ಎಚ್ಚೆತ್ತು ಅಳತೊಡಗಿತು. ಆ ದನಿಗೆ ವಿಶಾಖಾಳ ಎದೆ ತಾನಾಗಿಯೇ ಜಿನುಗಿ ರವಿಕೆ ತೋಯ್ದುಹೋಯಿತು. ಮಗು ವಾಸನೆ ಹಿಡಿದು ಅವಳ ಕಡೆಗೇ ಹೊರಳಿ ಬಾಯಿ ತೆರೆಯಿತು. ಅವಳು ಸೆರಗನ್ನು ಎದೆಗೆ ಬಿಗಿಯಾಗಿ ಸುತ್ತಿಕೊಂಡಳು.

"ಅತ್ತಿ, ಕೂಸಿಗಿ ನನ್ನಿಂದ ದೂರ ಒಯ್ರಿ," ಎಂದಳು.